ಏರು, ಇಳಿಜಾರು, ಆಟಿಯ ಮಳೆ: ಕಾರಿನ ಡ್ರೈವಿಂಗ್ ಮೋಡ್‌ಗಳನ್ನು ಯಾವಾಗ ಬದಲಿಸಬೇಕು?

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ಮುಖ್ಯರಸ್ತೆಯನ್ನು ಬಿಟ್ಟು ನಮ್ಮ ಮನೆಗಳತ್ತ ತಿರುಗಿದರೆ ಮೊದಲು ಎದುರಾಗುವುದು ಒಂದು ಕಡಿದಾದ ಏರು. ನೆರೆಮನೆಯ ಭಾವ ಹೊಸ ಆಟೋಮ್ಯಾಟಿಕ್ ಕಾರು ಕೊಂಡ ವಾರದಲ್ಲೇ ಆ ಏರಿನ ನಡುವೆ ನಿಂತು ನನಗೆ ಫೋನ್ ಮಾಡಿದರು. “ಭಾವ, ಇದು ಎಳೆಯುವುದೇ ಇಲ್ಲ, ಎಂಜಿನ್ನಿನಲ್ಲೇ ಏನೋ ದೋಷ ಇರಬೇಕು” ಎಂದರು. ಹೋಗಿ ನೋಡಿದಾಗ ಕಾರಿನಲ್ಲಿ ಐದು ಜನರಿದ್ದರು, ಹಿಂದೆ ಎರಡು ಗೋಣಿ ಗೊಬ್ಬರವಿತ್ತು, ಮೀಟರಿನ ಮೂಲೆಯಲ್ಲಿ ‘ಇಕೋ’ ಎಂಬ ಹಸಿರು ಅಕ್ಷರಗಳು ಬೆಳಗುತ್ತಿದ್ದವು. ಗಾಡಿ ಕೊಡುವ ದಿನ ಇದರಲ್ಲೇ ಇಟ್ಟರೆ ಮೈಲೇಜ್ ಹೆಚ್ಚು ಎಂದು ಹೇಳಿ ಕಳಿಸಿದ್ದರಂತೆ. ಗೇರಿನ ಪಕ್ಕದ ನಾಬನ್ನು ‘ನಾರ್ಮಲ್’ಗೆ ತಿರುಗಿಸಿದ ಮೇಲೆ ಅದೇ ಕಾರು ಅದೇ ಹೊರೆಯೊಂದಿಗೆ ಏರನ್ನು ಹತ್ತಿತು.

ಕಾರಿನಲ್ಲಿ ದೋಷವೇನೂ ಇರಲಿಲ್ಲ. ಈಗ ಹತ್ತು ಹನ್ನೆರಡು ಲಕ್ಷ ರೂಪಾಯಿಯ ಕಾರುಗಳಲ್ಲೂ ಇಕೋ, ನಾರ್ಮಲ್, ಸ್ಪೋರ್ಟ್ ಎಂಬ ಮೂರು ಮೋಡ್‌ಗಳಿರುತ್ತವೆ. ಕೆಲವು ಕಂಪನಿಗಳು ಬೇರೆ ಹೆಸರು ಕೊಡುತ್ತವೆ. ಟಾಟಾದವರು ನಡುವಿನದನ್ನು ಸಿಟಿ ಎನ್ನುತ್ತಾರೆ, 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ 700 ಡೀಸೆಲ್‌ನಲ್ಲಿ ಝಿಪ್, ಝ್ಯಾಪ್, ಝೂಮ್ ಎಂಬ ಹೆಸರುಗಳಿವೆ. ಇವು ಏನು ಮಾಡುತ್ತವೆ ಎಂಬುದನ್ನು ಕಾರು ಕೊಡುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಏರು, ಇಳಿಜಾರು, ಕೆಸರು ಮತ್ತು ನಾಲ್ಕು ತಿಂಗಳ ಮಳೆ ಇರುವ ನಮ್ಮ ಕಾಸರಗೋಡಿನ ಒಳನಾಡಿನಲ್ಲಿ ಈ ಅಜ್ಞಾನದಿಂದ ಹಣವೂ ನಷ್ಟವಾಗುತ್ತದೆ, ಕೆಲವೊಮ್ಮೆ ಜೀವಕ್ಕೂ ಅಪಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಿಳಿಯಬೇಕಾದದ್ದು ಆಕ್ಸಿಲರೇಟರ್ ಪೆಡಲಿನ ವಿಚಾರ. ಹಳೆಯ ಕಾರುಗಳಲ್ಲಿ ಪೆಡಲಿನಿಂದ ಎಂಜಿನ್ನಿನವರೆಗೆ ಒಂದು ಉಕ್ಕಿನ ಕೇಬಲ್ ಇರುತ್ತಿತ್ತು. ಕಾಲು ಎಷ್ಟು ಒತ್ತಿತೋ ಅಷ್ಟೇ ಪ್ರಮಾಣದಲ್ಲಿ ಗಾಳಿಯ ಕವಾಟ ತೆರೆದುಕೊಳ್ಳುತ್ತಿತ್ತು. ಈಗಿನ ಕಾರುಗಳಲ್ಲಿ ಆ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿರುವ ಎರಡು ಸೆನ್ಸರ್‌ಗಳು ಕಾಲು ಎಷ್ಟು ಕೆಳಗಿಳಿಯಿತು ಎಂಬುದನ್ನು ಅಳೆದು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತವೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ದೋಷವಿದೆ ಎಂದು ಗೊತ್ತಾಗಲಿ ಎಂಬ ಕಾರಣಕ್ಕೆ ಎರಡು ಇಟ್ಟಿರುತ್ತಾರೆ. ಎಷ್ಟು ಗಾಳಿ, ಎಷ್ಟು ಇಂಧನ ಎಂಬುದನ್ನು ಆ ಬಳಿಕ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅಂದರೆ ನಮ್ಮ ಕಾಲಿಗೂ ಎಂಜಿನ್ನಿಗೂ ನಡುವೆ ಒಬ್ಬ ದುಭಾಷಿ ಇದ್ದಾನೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳಂ ಎಂದು ದಿನವೂ ಭಾಷೆ ಬದಲಿಸುವ ನಮ್ಮ ಊರಿನವರಿಗೆ ದುಭಾಷಿಯ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಡ್ ಬದಲಿಸುವುದೆಂದರೆ ಈ ದುಭಾಷಿಯನ್ನು ಬದಲಿಸುವುದು. ಎಂಜಿನ್ ಅದೇ, ಕಾಲು ಅದೇ, ಕಾಲಿನ ಮಾತಿಗೆ ಎಂಜಿನ್ನಿಗೆ ತಲುಪುವ ಅರ್ಥ ಮಾತ್ರ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ಕಾರಿನಿಂದ ಕಾರಿಗೆ ಬೇರೆಯಾಗುತ್ತವೆ, ತತ್ತ್ವ ಬದಲಾಗುವುದಿಲ್ಲ. ಪೆಡಲನ್ನು ನೂರರಲ್ಲಿ ಮೂವತ್ತು ಪಾಲು ಒತ್ತಿದಿರಿ ಎಂದುಕೊಳ್ಳಿ. ಇಕೋದಲ್ಲಿ ಎಂಜಿನ್ ಹದಿನೈದು ಪಾಲಿನಷ್ಟು ಮಾತ್ರ ಸ್ಪಂದಿಸಬಹುದು, ನಾರ್ಮಲ್‌ನಲ್ಲಿ ಮೂವತ್ತು, ಸ್ಪೋರ್ಟ್‌ನಲ್ಲಿ ಐವತ್ತು. ಸ್ಪೋರ್ಟ್‌ಗೆ ಹಾಕಿದೊಡನೆ ಕಾರಿಗೆ ಹೊಸ ಪಿಕಪ್ ಬಂದಂತೆ ತೋರುವುದು ಇದರಿಂದಲೇ. ಪೆಡಲನ್ನು ಪೂರ್ತಿ ಒತ್ತಿದರೆ ಬಹುತೇಕ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಯಾವ ಮೋಡ್ ಇದ್ದರೂ ಸಿಗುವ ಗರಿಷ್ಠ ಶಕ್ತಿ ಒಂದೇ. ಕೆಲವು ಕಾರುಗಳಲ್ಲಿ, ಅದರಲ್ಲೂ ವಿದ್ಯುತ್ ಕಾರುಗಳಲ್ಲಿ, ಇಕೋದಲ್ಲಿ ಆ ಗರಿಷ್ಠಕ್ಕೂ ಮಿತಿ ಹಾಕಿರುತ್ತಾರೆ.

ಆಟೋಮ್ಯಾಟಿಕ್ ಕಾರಿನಲ್ಲಿ ಮೋಡ್ ಗೇರಿನ ನಿರ್ಧಾರವನ್ನೂ ಬದಲಿಸುತ್ತದೆ. ಇಕೋದಲ್ಲಿ ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ಮುಟ್ಟುವ ಹೊತ್ತಿಗೇ ಮೇಲಿನ ಗೇರ್ ಬೀಳುತ್ತದೆ. ಸ್ಪೋರ್ಟ್‌ನಲ್ಲಿ ಅದೇ ಗೇರನ್ನು ಇನ್ನೂ ಬಹಳ ಹೊತ್ತು ಹಿಡಿದುಕೊಂಡಿರುತ್ತದೆ, ಕಾಲು ತೆಗೆದರೂ ಬೇಗ ಬಿಡುವುದಿಲ್ಲ. ಕೈಯಲ್ಲಿ ಗೇರ್ ಹಾಕುವ ಕಾರಿನಲ್ಲಿ ಆ ಕೆಲಸ ನಮ್ಮದೇ ಆದ್ದರಿಂದ ಮೋಡ್‌ನ ಪ್ರಭಾವ ಅಷ್ಟರ ಮಟ್ಟಿಗೆ ಕಡಿಮೆ. ಸ್ಟಿಯರಿಂಗ್ ತುಸು ಬಿಗಿಯಾಗುವುದು, ಮೀಟರಿನ ಬಣ್ಣ ಕೆಂಪಾಗುವುದು ಮುಂತಾದವು ಇದ್ದರೂ ಅವುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆದರೆ ಹಲವು ಕಾರುಗಳಲ್ಲಿ ಇಕೋ ಮೋಡ್ ಎ.ಸಿ.ಯ ಮೇಲೂ ಕೈಯಿಡುತ್ತದೆ. ಕಂಪ್ರೆಸರ್ ಕಡಿಮೆ ಹೊತ್ತು ಓಡುತ್ತದೆ. ಇದನ್ನು ನೆನಪಿನಲ್ಲಿಡಬೇಕು, ಮಳೆಯ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಇಕೋದಿಂದ ಲಾಭವಾಗುವುದು ಎಲ್ಲಿ? ಕಾಸರಗೋಡು ಪೇಟೆಯಲ್ಲಿ ಹಳೆ ಬಸ್ ನಿಲ್ದಾಣದಿಂದ ಹೊಸ ಬಸ್ ನಿಲ್ದಾಣದ ವರೆಗೆ ಮುಂದಿನ ಗಾಡಿಯ ಬೆನ್ನು ನೋಡುತ್ತ ನಿಂತು ನಿಂತು ಹೋಗುವಾಗ ಲಾಭವಾಗುತ್ತದೆ. ಅಲ್ಲಿ ಪೆಡಲಿನ ಸಣ್ಣ ಸಣ್ಣ ಅದುರುವಿಕೆಗಳನ್ನೆಲ್ಲ ಇಕೋ ನುಂಗಿಬಿಡುತ್ತದೆ, ಅನಾವಶ್ಯಕವಾಗಿ ಮುನ್ನುಗ್ಗಿ ಬ್ರೇಕ್ ಹಾಕುವುದು ತಪ್ಪುತ್ತದೆ. ಷಟ್ಪಥವಾಗಿ ವಿಸ್ತರಿಸಿದ ತಲಪಾಡಿ–ಚೆಂಗಳ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಇಕೋ ಸಾಕು. ಆದರೆ ಅಲ್ಲಿ ಇಂಧನದ ಬಹುಪಾಲು ಗಾಳಿಯನ್ನು ಸೀಳುವುದಕ್ಕೆ ಖರ್ಚಾಗುತ್ತದೆ, ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಹೋದರೆ ಅದು ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಇಕೋದಲ್ಲಿ 100ರಲ್ಲಿ ಹೋಗುವವರಿಗಿಂತ ನಾರ್ಮಲ್‌ನಲ್ಲಿ 80ರಲ್ಲಿ ಹೋಗುವವರ ಪೆಟ್ರೋಲ್ ಹೆಚ್ಚು ಉಳಿಯುತ್ತದೆ.

ಏರಿನಲ್ಲಿ ಕಥೆ ಬೇರೆ. ಈಗಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್‌ಗಳಿಗೆ ಸುತ್ತು ಕಡಿಮೆಯಿದ್ದಾಗ ಉಸಿರು ಸಾಲದು; ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು, ಬಲ ಕೊಡಲು ತೊಡಗುವುದು ಸುತ್ತು ಸ್ವಲ್ಪ ಏರಿದ ಮೇಲೆ. ಇಕೋ ಬೇಗನೆ ಮೇಲಿನ ಗೇರ್ ಹಾಕಿ ಸುತ್ತನ್ನು ತಗ್ಗಿಸುತ್ತದೆ, ಕಾರು ಏದುಸಿರು ಬಿಡುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಒಂದು ಹಂತದಲ್ಲಿ ಗೇರ್ ಥಟ್ಟನೆ ಎರಡು ಮೆಟ್ಟಿಲು ಕೆಳಗಿಳಿದು ಕಾರು ಜಿಗಿಯುತ್ತದೆ, ಹೆದರಿ ಕಾಲು ತೆಗೆದೊಡನೆ ಮತ್ತೆ ಮೇಲಿನ ಗೇರ್. ಈ ಎಳೆದಾಟದಲ್ಲಿ ಉಳಿತಾಯವಾಗಬೇಕಿದ್ದ ಇಂಧನ ಬಹುಮಟ್ಟಿಗೆ ಕರಗಿಹೋಗುತ್ತದೆ. ಭಾವನ ಕಾರಿನಲ್ಲಿ ನಡೆದದ್ದು ಇದೇ, ಅದೂ ಐದು ಜನರ ಭಾರದೊಂದಿಗೆ. ಏರಿನ ಬುಡದಲ್ಲೇ ನಾರ್ಮಲ್‌ಗೆ, ಭಾರ ಹೆಚ್ಚಿದ್ದರೆ ಸ್ಪೋರ್ಟ್‌ಗೆ ಹಾಕಿ ಒಂದೇ ಹದದಲ್ಲಿ ಹತ್ತಿಸುವುದೇ ಸರಿ.

ಓವರ್‌ಟೇಕ್ ಮಾಡುವಾಗ ಇಕೋ ಅಪಾಯಕಾರಿಯೂ ಹೌದು. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬಸ್ಸಿನ ಹಿಂದೆ ಸಾಗುತ್ತಿದ್ದೀರಿ, ಎದುರು ಸ್ವಲ್ಪ ದೂರ ಖಾಲಿಯಿದೆ ಎಂದಿಟ್ಟುಕೊಳ್ಳಿ. ಇಕೋದಲ್ಲಿ ಪೆಡಲ್ ಒತ್ತಿದ ಮೇಲೆ ಕಾರು ಓಡತೊಡಗಲು ಒಂದು ಸೆಕೆಂಡ್ ತಡವಾಯಿತೆಂದರೆ, 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ಸುಮಾರು 17 ಮೀಟರ್ ಕಳೆದುಹೋಗಿರುತ್ತದೆ, ಎದುರಿನಿಂದ ಬರುವವನೂ ಅಷ್ಟೇ ಹತ್ತಿರ ಬಂದಿರುತ್ತಾನೆ. ಆದ್ದರಿಂದ ಮೋಡನ್ನು ಬಸ್ಸಿನ ಹಿಂದೆ ಇರುವಾಗಲೇ ಬದಲಿಸಿಕೊಳ್ಳಬೇಕು. ಬಲಕ್ಕೆ ಹೊರಟ ಮೇಲೆ ನಾಬ್ ಹುಡುಕಲು ಕಣ್ಣು ಕೆಳಗಿಳಿಸುವುದು ಎಂದಿಗೂ ಕೂಡದು.

ಇಳಿಜಾರಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮವರು ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯದ ಮೇಲಾಗಿ ಮಡಿಕೇರಿಗೆ ಹೋಗುವುದುಂಟು. ಹೋಗುವಾಗ ಹತ್ತುವ ಸಂಪಾಜೆ ಘಾಟಿಯನ್ನು ಮರಳುವಾಗ ಇಳಿಯಬೇಕು. 1500 ಕಿಲೋ ತೂಕದ ಕಾರು 700 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆಯಬೇಕಾದ ಶಕ್ತಿ ಸುಮಾರು 2.9 ಯೂನಿಟ್ ವಿದ್ಯುತ್ತಿಗೆ ಸಮ. ಬರೀ ಬ್ರೇಕಿನಿಂದಲೇ ಇಳಿದರೆ ಆ ಶಕ್ತಿಯ ಬಹುಭಾಗ ಶಾಖವಾಗಿ ಬ್ರೇಕಿನ ಡಿಸ್ಕು, ಪ್ಯಾಡುಗಳಿಗೆ ಸೇರುತ್ತದೆ. ಬ್ರೇಕ್ ಆಯಿಲ್ ತೇವಾಂಶವನ್ನು ಹೀರಿಕೊಳ್ಳುವ ಸ್ವಭಾವದ್ದು. ನಮ್ಮ ಕರಾವಳಿಯ ಹವೆಯಲ್ಲಿ ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಅದು ಕುದಿಯುವ ಉಷ್ಣತೆ ಕೆಳಗಿಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿಯ ವರೆಗೆ ತಾಳಬೇಕೆಂಬ ಮಾನದಂಡವಿದ್ದರೆ, ತೇವ ಹೀರಿದ ಆಯಿಲ್‌ಗೆ ಇರುವ ಮಾನದಂಡ 155 ಡಿಗ್ರಿ ಮಾತ್ರ. ಆಯಿಲ್ ಕುದಿದು ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಇದನ್ನು ತಪ್ಪಿಸಲು ಎಂಜಿನ್ನಿನ ತಡೆಯನ್ನೇ ಬಳಸಬೇಕು. ಹಿಂದೆ ಜೀಪು ಓಡಿಸುತ್ತಿದ್ದ ಹಿರಿಯರು ಹತ್ತುವ ಗೇರಿನಲ್ಲೇ ಇಳಿಯಬೇಕು ಎನ್ನುತ್ತಿದ್ದರು. ಆ ಮಾತು ಇಂದಿಗೂ ಸತ್ಯ. ಆದರೆ ಇಕೋದಲ್ಲಿರುವ ಆಟೋಮ್ಯಾಟಿಕ್ ಕಾರು ಕಾಲು ತೆಗೆದೊಡನೆ ಮೇಲಿನ ಗೇರಿಗೆ ಹೋಗಿಬಿಡುತ್ತದೆ, ಕೆಲವು ಕಾರುಗಳು ಇಂಧನ ಉಳಿಸಲೆಂದು ಗೇರಿನ ಸಂಪರ್ಕವನ್ನೇ ಬಿಡಿಸಿ ತೇಲಿಕೊಂಡು ಹೋಗುತ್ತವೆ. ಸ್ಪೋರ್ಟ್‌ನಲ್ಲಿ ಕೆಳಗಿನ ಗೇರ್ ನಿಲ್ಲುತ್ತದೆ, ಎಂಜಿನ್ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ವೇಗಕ್ಕೆಂದು ಇಟ್ಟ ಮೋಡ್ ನಿಧಾನವಾಗಿ ಇಳಿಯುವುದಕ್ಕೂ ಒದಗುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಕೈಯಿಂದ ಗೇರ್ ಆರಿಸುವ ‘ಎಂ’ ಅಥವಾ ‘ಎಲ್’ ಸ್ಥಾನ ಇದ್ದರೆ ಅದು ಇನ್ನೂ ಉತ್ತಮ.

ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಅದಕ್ಕೆ ಏನಾದರೂ ಆಧಾರ ಇದ್ದಿರಬಹುದು. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರ್ ಬಿದ್ದಿರುವಾಗ ಕಾಲು ತೆಗೆದು ಇಳಿದರೆ ಸುತ್ತು ತೀರ ತಗ್ಗುವ ತನಕ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಉಳಿಸಲು ಇಂಧನ ಸುಡಲೇಬೇಕು. ಹಾಗಾಗಿ ಘಾಟಿಯಲ್ಲಿ ನ್ಯೂಟ್ರಲ್ ಹಾಕಿದವರು ಪೆಟ್ರೋಲನ್ನೂ ಸುಡುತ್ತಾರೆ, ಎಂಜಿನ್ನಿನ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ.

ಈಗ ಮಳೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಆಟಿ ತಿಂಗಳಿನಲ್ಲಿ ಕಾರಿನೊಳಗೆ ನಾಲ್ಕು ಜನ ಒದ್ದೆ ಬಟ್ಟೆಯಲ್ಲಿ ಕುಳಿತರೆ ಐದೇ ನಿಮಿಷದಲ್ಲಿ ಮುಂದಿನ ಗಾಜಿನ ಒಳಮೈಗೆ ಮಂಜು ಕವಿಯುತ್ತದೆ. ಎ.ಸಿ. ತಂಪು ಮಾಡುವುದರ ಜೊತೆಗೆ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ. ಇಕೋದಲ್ಲಿ ಕಂಪ್ರೆಸರ್ ಬಿಡುವು ತೆಗೆದುಕೊಂಡಾಗಲೆಲ್ಲ ಮಂಜು ಮರಳಿ ಬರುತ್ತದೆ. ಕೈಯಲ್ಲಿ ಬಟ್ಟೆ ಹಿಡಿದು ಗಾಜು ಒರೆಸುತ್ತ, ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಹೋಗುವವರನ್ನು ಪ್ರತಿ ಮಳೆಗಾಲದಲ್ಲೂ ಕಾಣುತ್ತೇನೆ. ಜೋರು ಮಳೆಯಲ್ಲಿ ಇಕೋ ಬಿಟ್ಟು ನಾರ್ಮಲ್‌ಗೆ ಬಂದು, ಎ.ಸಿ. ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟಿದ್ದರೆ ಅದನ್ನು ತೆಗೆದು ಹೊರಗಿನ ಗಾಳಿ ಬರುವಂತೆ ಮಾಡಿದರೆ ಈ ತೊಂದರೆ ಬಹುಪಾಲು ನೀಗುತ್ತದೆ.

ಜಾರುವ ನೆಲಕ್ಕೆಂದೇ ಬೇರೆ ಮೋಡ್‌ಗಳಿವೆ. 2004ರಲ್ಲಿ ಲ್ಯಾಂಡ್ ರೋವರ್ ತನ್ನ ಡಿಸ್ಕವರಿ 3 ಕಾರಿನಲ್ಲಿ ಒಂದು ನಾಬ್ ತಿರುಗಿಸಿ ನೆಲದ ಬಗೆಯನ್ನು ಆರಿಸುವ ವ್ಯವಸ್ಥೆಯನ್ನು ತಂದಿತು. ಈಗ ಎರಡೇ ಚಕ್ರಗಳಿಗೆ ಬಲ ಹೋಗುವ ಕಾರುಗಳಲ್ಲೂ ಅದರ ಸರಳ ರೂಪ ಕಾಣಸಿಗುತ್ತದೆ: ಕ್ರೆಟಾದಲ್ಲಿ ಸ್ನೋ, ಮಡ್, ಸ್ಯಾಂಡ್, ಹ್ಯಾರಿಯರ್‌ನಲ್ಲಿ ನಾರ್ಮಲ್, ರಫ್, ವೆಟ್. ಹಿಮವೇ ಬೀಳದ ನಾಡಿನಲ್ಲಿ ಸ್ನೋ ಎಂಬುದು ಉಪಯೋಗವಿಲ್ಲದ್ದೆಂದು ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಹೆಸರನ್ನು ಬದಿಗಿಟ್ಟು ಕೆಲಸವನ್ನು ನೋಡಿದರೆ, ಅದು ಪೆಡಲನ್ನು ತೀರ ಮೃದುವಾಗಿಸುತ್ತದೆ, ಚಕ್ರ ಒಂದಿಷ್ಟು ಜಾರಿದರೂ ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ, ಕೆಲವು ಕಾರುಗಳಲ್ಲಿ ಎರಡನೇ ಗೇರಿನಲ್ಲೇ ಹೊರಡುತ್ತದೆ. ಗಟ್ಟಿಯಾದ, ಆದರೆ ನುಣುಪಾದ ನೆಲಕ್ಕೆ ಇದು ಹೇಳಿ ಮಾಡಿಸಿದ್ದು. ಅಡಿಕೆ ತೋಟದ ನೆರಳಿನಲ್ಲಿ ಮಳೆಗಾಲವಿಡೀ ಒದ್ದೆಯಾಗಿ ಹಾವಸೆ ಹಿಡಿದ, ಮನೆಯ ಜಾಲಿಗೆ ಇಳಿಯುವ ಕಾಂಕ್ರೀಟು ದಾರಿ ಅಂಥ ನೆಲವೇ ಅಲ್ಲವೇ?

ಕೆಸರಿನ ಗುಣ ಇದಕ್ಕೆ ವಿರುದ್ಧ. ಮುರಕಲ್ಲಿನ ಕೆಂಪು ಮಣ್ಣು ನೆನೆದಾಗ ಟಯರಿನ ಗೀರುಗಳಲ್ಲಿ ಮೆತ್ತಿಕೊಳ್ಳುತ್ತದೆ. ಚಕ್ರ ಸ್ವಲ್ಪ ತಿರುಗಿದರೆ ಮಾತ್ರ ಆ ಮಣ್ಣು ಹಾರಿಹೋಗಿ ಕೆಳಗಿನ ಗಟ್ಟಿ ಪದರಕ್ಕೆ ಹಿಡಿತ ಸಿಗುತ್ತದೆ. ಮಡ್ ಮೋಡ್ ಅಷ್ಟು ಜಾರುವಿಕೆಯನ್ನು ಬಿಟ್ಟುಕೊಡುತ್ತದೆ. ಒಂದು ಚಕ್ರ ಹೊಂಡದಲ್ಲಿ ಸುಮ್ಮನೆ ಗಿರಗಿರನೆ ತಿರುಗುತ್ತಿದ್ದರೆ ಡಿಫರೆನ್ಶಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯ ಸ್ವಭಾವದಿಂದಾಗಿ ಗಟ್ಟಿ ನೆಲದಲ್ಲಿರುವ ಇನ್ನೊಂದು ಚಕ್ರಕ್ಕೂ ಬಲ ಸಿಗುವುದಿಲ್ಲ. ಆಗ ಕಾರು ತಿರುಗುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿದು ಬಲವನ್ನು ಆಚೆಗೆ ದಾಟಿಸುತ್ತದೆ. ಆ ಹೊತ್ತಿನಲ್ಲಿ ಕೆಳಗಿನಿಂದ ಕರಕರ ಸದ್ದು ಬಂದರೆ ಹೆದರಬೇಕಾಗಿಲ್ಲ, ಕಾಲನ್ನು ಒಂದೇ ಹದದಲ್ಲಿ ಇಟ್ಟುಕೊಂಡಿರಬೇಕು. ಸ್ಯಾಂಡ್ ಇನ್ನೂ ಹೆಚ್ಚು ಜಾರಲು ಬಿಡುತ್ತದೆ. ಕಡಲತೀರದ ಹೊಯಿಗೆಯಲ್ಲಿ ವೇಗ ಕಳೆದುಕೊಂಡರೆ ಚಕ್ರ ಹೂತುಹೋಗುತ್ತದೆ.

ಈ ಮೋಡ್‌ಗಳಿಂದ ಎರಡು ಚಕ್ರಗಳ ಕಾರು ಜೀಪ್ ಆಗುವುದಿಲ್ಲ. ಮುಂದಿನ ಚಕ್ರಗಳೇ ಎಳೆಯುವ ಕಾರಿನಲ್ಲಿ ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಎಳೆಯಬೇಕಾದ ಚಕ್ರಗಳು ಹಗುರವಾಗುತ್ತವೆ. ಮಡ್ ಹಾಕಿದರೂ ಹತ್ತದ ಒಂದು ತೋಟದ ದಾರಿಯನ್ನು ನಾನು ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿದ್ದುಂಟು. ಹಾಗೆ ಹತ್ತುವಾಗ ಎಂಜಿನ್ನಿನ ಭಾರದೊಂದಿಗೆ ಸರಿದ ಭಾರವೂ ಎಳೆಯುವ ಚಕ್ರಗಳ ಮೇಲೆಯೇ ಬೀಳುತ್ತದೆ.

ಯಾವ ಮೋಡ್ ಕೂಡ ಬದಲಿಸಲಾಗದ ಒಂದು ವಿಷಯವಿದೆ, ಅದು ಟಯರಿಗೂ ರಸ್ತೆಗೂ ನಡುವಿನ ಹಿಡಿತ. ಒಣ ಡಾಮರಿನಲ್ಲಿ ಘರ್ಷಣೆಯ ಪ್ರಮಾಣವನ್ನು 0.7 ಎಂದೂ ಒದ್ದೆಯಲ್ಲಿ 0.4 ಎಂದೂ ಹಿಡಿದು ಲೆಕ್ಕ ಹಾಕಿದರೆ, 60 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರಿನಲ್ಲಿ, ಒದ್ದೆ ರಸ್ತೆಯಲ್ಲಿ ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡನ್ನು ಸೇರಿಸಿದರೆ ಇನ್ನೂ 17 ಮೀಟರ್. ವೆಟ್ ಮೋಡ್ ಹೊರಡುವಾಗ ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ, ತಿರುವಿನಲ್ಲಿ ಕಾರು ತಪ್ಪಿದರೆ ಬೇಗ ಎಚ್ಚರಗೊಳ್ಳುತ್ತದೆ, ಆದರೆ ಈ 35 ಮೀಟರನ್ನು 20ಕ್ಕೆ ಇಳಿಸುವ ಶಕ್ತಿ ಅದಕ್ಕಿಲ್ಲ. ಟಯರಿನ ಗೀರು ಕಾನೂನಿನ ಮಿತಿಯಾದ 1.6 ಮಿ.ಮೀ.ಗೆ ಸವೆದಿದ್ದರೆ ಹೆದ್ದಾರಿಯಲ್ಲಿ ನಿಂತ ನೀರನ್ನು ಅದು ಹೊರಹಾಕಲಾರದು. ಟಯರ್ ನೀರಿನ ಮೇಲೆ ತೇಲಿದಾಗ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಮೋಡ್‌ಗಳಿರುವ ಕಾರಿಗೆಂದು ಒಂದು ಲಕ್ಷ ಹೆಚ್ಚು ಕೊಟ್ಟು ಸವೆದ ಟಯರಿನಲ್ಲೇ ಎರಡು ಮಳೆಗಾಲ ಕಳೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿದ್ಯುತ್ ಕಾರುಗಳಲ್ಲಿ ಮೋಡ್‌ಗಳ ಜೊತೆಗೆ ರೀಜನ್ ಎಂಬ ಇನ್ನೊಂದು ಆಯ್ಕೆಯಿದೆ. ಕಾಲು ತೆಗೆದಾಗ ಮೋಟರೇ ಡೈನಮೊ ಆಗಿ, ಇಳಿಯುವ ಕಾರಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಘಾಟಿಯಲ್ಲಿ ಶಾಖವಾಗಿ ಹೋಗುತ್ತಿದ್ದ ಆ 2.9 ಯೂನಿಟ್‌ನಲ್ಲಿ ಒಳ್ಳೆಯ ಪಾಲು ಹೀಗೆ ಕೈಸೇರುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಶಕ್ತಿಗೆ ಜಾಗವಿಲ್ಲ, ರೀಜನ್ ಬಹುಮಟ್ಟಿಗೆ ನಿಂತುಹೋಗುತ್ತದೆ. ಗುಡ್ಡೆಯ ಮೇಲೆ ಮನೆಯಿರುವವರು ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಗ್ಗೆ ನೂರಕ್ಕೆ ನೂರು ತುಂಬಿದ ಬ್ಯಾಟರಿಯೊಂದಿಗೆ ಇಳಿಯಲು ಹೊರಟರೆ, ನಿನ್ನೆ ಕಾಲು ತೆಗೆದಾಗ ತಾನಾಗಿ ನಿಧಾನವಾಗುತ್ತಿದ್ದ ಕಾರು ಇಂದು ಓಡತೊಡಗುತ್ತದೆ. ಎಂಬತ್ತು ಎಂಬತ್ತೈದಕ್ಕೆ ಚಾರ್ಜ್ ನಿಲ್ಲಿಸಿದರೆ ಈ ಅನಿರೀಕ್ಷಿತ ತೊಂದರೆ ತಪ್ಪುತ್ತದೆ. ರೀಜನ್‌ನ ತಡೆ ಮೋಟರ್ ಇರುವ ಚಕ್ರಗಳಿಗೆ ಮಾತ್ರ ಬೀಳುವುದರಿಂದ ಹಾವಸೆ ಹಿಡಿದ ಇಳಿಜಾರಿನಲ್ಲಿ ಅದನ್ನು ಕಡಿಮೆ ಮಟ್ಟದಲ್ಲಿಟ್ಟು ಬ್ರೇಕಿನಿಂದ ಮೆಲ್ಲಗೆ ಇಳಿಯುವುದು ಕ್ಷೇಮ.

ಓದಿ ತಿಳಿದದ್ದು ಕಾಲಿಗೆ ತಿಳಿಯಬೇಕಾದರೆ, ಗಾಡಿಗಳಿಲ್ಲದ ಒಂದು ಬೆಳಗ್ಗೆ ಪರಿಚಯದ ಒಂದೇ ಏರನ್ನು ಮೂರು ಮೋಡ್‌ಗಳಲ್ಲಿ ಮೂರು ಸಲ ಹತ್ತಿ, ಮೂರು ಸಲ ಇಳಿದು ನೋಡಬೇಕು. ಗೇರ್ ಎಲ್ಲಿ ಬದಲಾಗುತ್ತದೆ, ಕಾಲು ತೆಗೆದಾಗ ಎಷ್ಟು ಹಿಡಿಯುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಅಭ್ಯಾಸವಾಗುತ್ತದೆ. ಎಂಜಿನ್ ಆರಿಸಿ ಮತ್ತೆ ಹಚ್ಚಿದಾಗ ಕೆಲವು ಕಾರುಗಳು ನಾರ್ಮಲ್‌ಗೆ ಮರಳುತ್ತವೆ, ಕೆಲವು ಹಿಂದಿನ ಮೋಡನ್ನೇ ಉಳಿಸಿಕೊಳ್ಳುತ್ತವೆ. ನಿಮ್ಮ ಕಾರು ಯಾವ ಬಗೆಯದೆಂದು ಅದೇ ದಿನ ನೋಡಿಡಿ. ಹೂತುಹೋದ ಕಾರನ್ನು ಎಬ್ಬಿಸಲು ಕಾರು ಜಾರಿ ದಾರಿ ತಪ್ಪದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲನ್ನು ಬಂದ್ ಮಾಡಿದ್ದರೆ, ಡಾಮರು ಸಿಕ್ಕಿದೊಡನೆ ಅದನ್ನು ಮತ್ತೆ ಹಚ್ಚಿ, ಮೀಟರಿನಲ್ಲಿ ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ ಆರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ವೇಗ ಹಿಡಿಯಬೇಕು.